ಗಂಗೆಗೆ ಬಲೆ ಯಾಕೆ?

ಹಾರ್ಮೋನಿಯಂ ಮೇಷ್ಟ್ರ ಪಾದಗಳು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಕಾಲು ಹಾರ್ಮೋನಿಯಂ ತುಳಿದು ತುಳಿದು ಹಿಮ್ಮಡಿ ಒಡೆದು ಹೆಂಚಿನ ಚೂರಿನಂತಾಗಿತ್ತು. ಟೀ ಕುಡಿಯುವಾಗಲೂ ಎರಡೂ ಪಾದ ನೆಲ ಒತ್ತುತ್ತಲೇ ಇರುತ್ತಿದ್ದವು. ಮುರುಗಮಲ್ಲದ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಅವರನ್ನು, ಚಿಂತಾಮಣಿಯಲ್ಲಿ ಡೇರೆ ಹಾಕಿದ್ದ ನಮ್ಮ ಸರ್ಕಸ್ಸಿನ ಮಾಲೀಕರು ಕರೆಸಿದರು. ಮನೆಮನೆಗೂ ಟಿ.ವಿ. ಬರುತ್ತಿದ್ದ ಕಾಲ, ಬರೀ ಆನೆ, ಕುದುರೆ ನೋಡಲು ಜನ ಬರುತ್ತಿರಲಿಲ್ಲ. ಅದಕ್ಕೇ ಡೇರೆಯೊಳಗೆ ಸಂಗೀತ ನಾಟಕ, ಗಂಗೆ ಭೂಮಿಗಿಳಿಯುವ ಕಥೆ. ಎತ್ತರದ ಉಯ್ಯಾಲೆಯಲ್ಲಿ ಆಡುತ್ತಿದ್ದ ನಾನೇ ಗಂಗೆ. ಭಾರ ಎತ್ತುವ ಪೈಲ್ವಾನ ಶಿವ.

ಮೇಷ್ಟ್ರು ಕಲಿಸಿದ್ದು ಹೊಡೆದು, ಬೈದು. ನೇತಾಡಿಸಿಯೇ ಹಾಡಿಸುತ್ತಿದ್ದರು, ಶ್ರುತಿ ತಪ್ಪಿದರೆ ಬೆತ್ತ ಅಂಗಾಲಿಗೆ ಬೀಳುತ್ತಿತ್ತು. "ಕೋತಿಗೂ ನಿನಗಿಂತ ಬುದ್ಧಿ ಇರ್ತದೆ ಕಣೇ, ಅದು ಹಾಡಕ್ಕೆ ಹೋಗಲ್ಲ" ಎನ್ನುತ್ತಿದ್ದರು. ಆದರೆ ನನಗೂ ಕಂಠವಿದೆ ಎಂದು ಕಂಡವರು ಅವರೊಬ್ಬರೇ. ಆ ಒಂದಕ್ಕಾಗಿ ಅವರು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದೆ.

ಉಯ್ಯಾಲೆಯ ಕೆಳಗೆ ಕಟ್ಟಿದ್ದ ಬಲೆ ಬಿಚ್ಚಿಸಿದವರೂ ಅವರೇ. "ಗಂಗೆಗೆ ಬಲೆ ಯಾಕಯ್ಯಾ? ಅವಳೇನು ಮೀನಾ?" ಎಂದು ಹಗ್ಗ ನೋಡಿಕೊಳ್ಳುವ ಸಾಹೇಬರನ್ನು ಗದರಿದರು.

"ಹಂಗಾದ್ರೆ ಒಂದೇ ಸಲ ಹಾಡ್ಸಿ ಮೇಷ್ಟ್ರೇ. ಒಂದು ಕೈಲಿ ನೇತಾಡ್ಕೊಂಡು ಅಷ್ಟೊತ್ತೇ ತಡೆಯೋದು ಇವಳು."

ಮೇಷ್ಟ್ರು ಒಪ್ಪಿದರು. ಆದರೆ ಹಳ್ಳಿ ನಾಟಕದ ಚಾಳಿ ಎಲ್ಲಿಗೆ ಹೋಗುತ್ತದೆ? ಜನ 'ಒನ್ಸ್ ಮೋರ್' ಎಂದರೆ ಸತ್ತ ಪಾತ್ರವೂ ಎದ್ದು ಹಾಡಬೇಕು ಎನ್ನುವ ಪೈಕಿ ಅವರು.

ಮೊದಲ ಆಟ. ಹಾಡು ಮುಗಿಯುತ್ತಲೇ ಶಿಳ್ಳೆ, "ಒನ್ಸ್ ಮೋರ್!", ತೆಲುಗಿನವರದು "ಇಂಕೋಸಾರಿ!" ಮೇಷ್ಟ್ರ ಪಾದಗಳು ಮತ್ತೆ ತುಳಿಯತೊಡಗಿದವು. ಆಗುವುದಿಲ್ಲವೆಂದು ನಾನು ಒಂದು ಸನ್ನೆ ಮಾಡಿದ್ದರೆ ಸಾಹೇಬರು ಇಳಿಸಿಬಿಡುತ್ತಿದ್ದರು. ಮೇಷ್ಟ್ರಿಗೆ ಇಲ್ಲವೆನ್ನಲು ನನಗೆ ಧೈರ್ಯ ಬರಲಿಲ್ಲ. ಎರಡನೆಯ ಸಲವೂ ಹಾಡಿದೆ. ಮತ್ತೆ ಕೂಗಿದರು. ಮೂರನೆಯದರ ನಡುವೆ ಬೆರಳು ಜಾರಿತು. ಕೆಳಗೆ ನನ್ನನ್ನು ಹಿಡಿಯಬೇಕಿದ್ದ ಪೈಲ್ವಾನ ಜಟೆ ಸರಿಮಾಡಿಕೊಳ್ಳುತ್ತಿದ್ದ. ಮೂಳೆ ಮುರಿದ ಸದ್ದು ಕೇಳಿಸಿದ್ದು ನನಗೊಬ್ಬಳಿಗೆ. ಗಂಗೆ ಇಳಿದಳೆಂದು ಜನ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನವರು ಆಗಲೂ "ಒನ್ಸ್ ಮೋರ್" ಎಂದರು. ಮೇಷ್ಟ್ರು ಚರಣ ಮುಗಿಸಿಯೇ ಎದ್ದರು.

ಆಸ್ಪತ್ರೆಗೆ ಬಂದವರು ತಪ್ಪಾಯಿತು ಎನ್ನಲಿಲ್ಲ. "ಬೀಳೋವಾಗ್ಲೂ ಶ್ರುತಿ ಬಿಡ್ಲಿಲ್ಲ ಕಣಮ್ಮ ನೀನು" ಎಂದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಪಾಪಿ ನಾನು, ಅದನ್ನು ಕೇಳಿ ಸಂತೋಷಪಟ್ಟೆ.

ಎಡಗಾಲು ಕುಂಟಾಯಿತು. ಸರ್ಕಸ್ಸು ನನ್ನನ್ನು ಬಿಟ್ಟು ಗೌರಿಬಿದನೂರಿಗೆ ಹೊರಟುಹೋಯಿತು. ಆಮೇಲೆ ಶಿಡ್ಲಘಟ್ಟದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಟ್ಟು ಬದುಕಿದೆ. ಕಾಲು ಕಿತ್ತುಕೊಂಡವರೇ ಅನ್ನಕ್ಕೆ ದಾರಿ ಮಾಡಿದರು ಎಂದು ಯಾರಾದರೂ ಅಂದರೆ ಮೈ ಉರಿಯುತ್ತದೆ. ಮಾತು ಸುಳ್ಳಲ್ಲವಲ್ಲ ಎಂದು ಇನ್ನಷ್ಟು ಉರಿಯುತ್ತದೆ.

ಮೇಷ್ಟ್ರು ತೀರಿಕೊಂಡಾಗ ಹೋಗಿದ್ದೆ. ಕಾಲಿನ ಹೆಬ್ಬೆರಳೆರಡನ್ನೂ ಸೇರಿಸಿ ಕಟ್ಟಿದ್ದರು, ಪಾದಗಳು ಸುಮ್ಮನಿದ್ದವು. ಅವರ ಹೆಂಡತಿ ಕೇಳಿದರೆಂದು ಗಂಗೆಯ ಹಾಡು ಹಾಡಿದೆ. ಮುಗಿದಾಗ ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅವ್ರಿಗೋಸ್ಕರ ಇನ್ನೊಂದ್ಸಲ ಹಾಡಮ್ಮ" ಎಂದರು.

ಆ ಪಾದಗಳನ್ನೇ ನೋಡುತ್ತಾ, "ಆಗಲ್ಲಮ್ಮ" ಎಂದೆ.