ಡಾಕ್ಟರು ಚಂದವ್ವತ್ತಿಗೆ ಅಂದ ಮಾತು

ಕುಸುಬೆ ಎಣ್ಣೆ ಕಾಯುವ ವಾಸನೆ ಎಲ್ಲಿಂದಲಾದರೂ ತೇಲಿಬಂದರೆ ಟಿಕೋಟದ ನಮ್ಮ ಅಡುಗೆಮನೆ, ಅದರ ಹೊಗೆ ಹಿಡಿದ ಜಂತಿ, ಒಲೆಯ ಮುಂದೆ ಕುಳಿತು ಓಣಿಗೆಲ್ಲ ಕೇಳುವಂತೆ ನಗುತ್ತಿದ್ದ ಚಂದವ್ವತ್ತಿ, ಎಲ್ಲವೂ ಒಮ್ಮೆಲೇ ಮರಳುತ್ತವೆ. ಚಂದವ್ವ ನನ್ನಪ್ಪನ ತಂಗಿ. ಬಬಲೇಶ್ವರದ ಗಂಡ ಇನ್ನೊಬ್ಬಳನ್ನು ಮನೆಗೆ ತಂದ ದಿನ, ಧಾರೆಯ ಇಳಕಲ್ ಸೀರೆಯುಟ್ಟು, ಕಾಸಗಲ ಕುಂಕುಮವಿಟ್ಟು, ಸಂತೆಯ ನಟ್ಟನಡುವೆ ಹಾದು ಮೋಟಾರು ಹತ್ತಿ ತವರಿಗೆ ಬಂದವಳು. ಹೆಂಗಸರು ಮರುಗಿದರೆ, "ಹೋದ್ರ ಹೋದ, ನನ್ನ ನತ್ತೇನ್ ಒಯ್ದಿಲ್ಲಲ್ಲ!" ಎನ್ನುತ್ತಿದ್ದಳು.

ಅರವತ್ತರ ದಶಕದ ಮೊದಲ ವರ್ಷಗಳು. ನಾನಾಗ ಏಳನೇ ಇಯತ್ತೆಯ ಹುಡುಗಿ. ಎದೆಯ ಗಂಟನ್ನು ಅತ್ತಿ ಬಹಳ ಕಾಲ ಸೆರಗಿನಲ್ಲಿ ಮುಚ್ಚಿಟ್ಟಿದ್ದಳು. ಅದು ಒಡೆದು ಕುಪ್ಪಸ ಒದ್ದೆಯಾದಾಗಲೇ ನಮಗೆ ತಿಳಿದದ್ದು. ಅಪ್ಪ ವಿಜಾಪುರದ ದವಾಖಾನೆಗೆ ಕರೆದೊಯ್ದ. ಸಂಗಡ ನಾನೂ ಇದ್ದೆ. ಪರೀಕ್ಷಿಸಿದ ಡಾಕ್ಟರರ ಮುಖ ಬಾಡಿತು. ಅತ್ತಿ ಮಾತ್ರ, "ಕೊಯ್ಯೂದಿದ್ರ ಕೊಯ್ರಿ ಸಾಹೇಬ್ರ, ಇಂಥಾ ಗಂಟ ನಮ್ಮ ಎತ್ತಿನ ಹೆಗಲ ಮ್ಯಾಲೂ ಆಗ್ತಾವು" ಎಂದು ನಕ್ಕಳು. ಅವರು ನರ್ಸಿನತ್ತ ತಿರುಗಿ, "ಬ್ರವಾಡೊ" ಎಂದು ಗೊಣಗಿದರು.

"ಏನಂದ್ರಿ? ಬೈದ್ರೇನು?"

"ಏನಿಲ್ಲವಾ," ಡಾಕ್ಟರು ತಡವರಿಸಿದರು. "ಧೈರ್ಯ ಭಾಳ ಐತಿ ಅಂದ್ನಿ."

ಹೊರಗೆ ಬಂದು, ಕೊಯ್ಯುವ ಕಾಲ ಮೀರಿದೆ ಎಂದು ಅಪ್ಪನಿಗಷ್ಟೇ ಹೇಳಿದರು.

ಮರಳುವಾಗ ಮೋಟಾರಿನ ತುಂಬ ಅತ್ತಿಯದೇ ಮಾತು. "ಡಾಕ್ಟರ ನನಗ ಇಂಗ್ಲಿಷಿನ್ಯಾಗ ಧೈರ್ಯದಾಕಿ ಅಂದಾನ. ಬರವಾಡ!" ಅಪ್ಪ ಕಿಟಕಿಯಾಚೆ ನೋಡುತ್ತ, ಕಣ್ಣೊರೆಸಿಕೊಳ್ಳುತ್ತ, ಕೊನೆಗೆ ತಾನೂ ನಕ್ಕ. ಓಣಿಯ ಮಕ್ಕಳಿಗೆ ಆಕೆ 'ಬರವಾಡತ್ತಿ' ಆದಳು.

ಒಂದು ಮಧ್ಯಾಹ್ನ ಸಾಲೆ ಬೇಗ ಬಿಟ್ಟಿತ್ತು. ಜೋಳದ ಚೀಲಗಳ ಕೋಣೆಯಲ್ಲಿ ಅತ್ತಿ ನನ್ನವ್ವನ ತೊಡೆಯಲ್ಲಿ ಮುಖವಿಟ್ಟು ಬಿಕ್ಕುತ್ತಿದ್ದಳು. "ಅಂಜಿಕಿ ಬರ್ತೈತಿ ವೈನಿ. ಭಾಳ ಅಂಜಿಕಿ ಬರ್ತೈತಿ." ನನ್ನನ್ನು ಕಂಡದ್ದೇ ಎದ್ದು ಕುಳಿತಳು. "ಏನ್ ನೋಡ್ತಿ ಬೇ? ಕಣ್ಣಾಗ ಹೊಟ್ಟ ಬಿದ್ದೈತಿ."

ಶೀಗಿ ಹುಣ್ಣಿಮೆಗೆ ಮೊದಲೇ ಹೋದಳು. ಕೊನೆಯ ದಿನಗಳಲ್ಲಿ ನೋವಿಗೆ ಕಚ್ಚಿ ಕಚ್ಚಿ ತುಟಿಯೆಲ್ಲ ಗಾಯವಾಗಿತ್ತು; ಅಪ್ಪ ಒಳಗೆ ಬಂದರೆ ಆ ತುಟಿಯಲ್ಲೇ ನಗುತ್ತಿದ್ದಳು.

ಮುಂದೆ ವಿಜಾಪುರದಲ್ಲಿ ಕಾಲೇಜು ಓದುವಾಗ ಆ ಪದದ ನಿಜವಾದ ಅರ್ಥ ತಿಳಿಯಿತು: ಒಳಗೆ ಅಂಜಿಕೆ, ಹೊರಗೆ ಮೆರೆದಾಟ. ಊರಿಗೆ ಬಂದಾಗ ಅವ್ವನಿಗೆ ಹೇಳಿದೆ. ಆಕೆ ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ. "ಆ ಡಾಕ್ಟರನ ಮಾರಿ ನೋಡೇ ಆಕಿಗಿ ಎಲ್ಲಾ ತಿಳಿದಿತ್ತು," ಎಂದಳು. "ನಿಮ್ಮಪ್ಪ ಎದಿ ಒಡಕೋಬಾರದಂತ ಹಂಗ ಮೆರೀತಿದ್ಲು."

ಅಪ್ಪ ಬದುಕಿದ್ದಷ್ಟು ಕಾಲ, ತನ್ನ ತಂಗಿಗೆ ದೊಡ್ಡ ಡಾಕ್ಟರರು ಇಂಗ್ಲಿಷಿನಲ್ಲಿ ಧೈರ್ಯವಂತೆ ಎಂದಿದ್ದರೆಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವ್ವ, ನಾನು ಇಬ್ಬರೂ ಹೌದೆಂದು ತಲೆದೂಗುತ್ತಿದ್ದೆವು.