ಕೊಬ್ಬರಿ ಎಣ್ಣೆ ಹಚ್ಚಿದ ಬುಷ್

ಗುಬ್ಬಿಯ ಮಹಾಲಿಂಗಯ್ಯನ ಕೈಗುಣ ಒಳ್ಳೆಯದು, ಬಾಯಿ ಕೆಟ್ಟದ್ದು. ತುಮಕೂರಿನ ಗ್ಯಾರೇಜುಗಳಲ್ಲಿ ಇಪ್ಪತ್ತೈದು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿ ದುಡಿದವನು, ಸದ್ದು ಕೇಳಿಯೇ ಗಾಡಿಯ ಕಾಯಿಲೆ ಹೇಳುತ್ತಿದ್ದ. ತಾನು ಮುಟ್ಟಿದ್ದು ಕೆಡುವುದುಂಟೇ ಎಂಬ ಜಂಬ ಮಾತ್ರ ಅವನ ಕಾಯಿಲೆ. ಅದನ್ನು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವನಿಗೆ ಒಬ್ಬಳೇ ತಂಗಿ, ಸುಧಾ. ಕುಣಿಗಲ್ಲಿಗೆ ಕೊಟ್ಟಿದ್ದರು. ಅವಳ ಗಂಡ ಗಂಗಾಧರ್ 2004ರಲ್ಲಿ ನಾಲ್ಕೂ ಚಕ್ರ ಎಳೆಯುವ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಂಡ. ಕ್ಲಚ್ ಬಿಟ್ಟಾಗಲೆಲ್ಲ ಹಿಂದುಗಡೆ ಟಕ್ ಎನ್ನುತ್ತಿತ್ತು. ಯುಗಾದಿಗೆ ಗುಬ್ಬಿಗೆ ಬಂದಾಗ ಮಹಾಲಿಂಗಯ್ಯ ಕಿವಿಗೊಟ್ಟು ಕೇಳಿ, ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಡಿಫರೆನ್ಷಿಯಲ್ ಅಲುಗಾಡದಂತೆ ಹಿಡಿದುಕೊಳ್ಳುವ ರಬ್ಬರ್ ಬುಷ್‌ಗಳು ಸವೆದಿವೆ, ಮನೆ ಮುಂದೆಯೇ ಹಾಕಿಕೊಡುತ್ತೇನೆ ಅಂದ.

ಹಳೆಯವನ್ನು ಗರಗಸದಿಂದ ಕೊಯ್ದು ತೆಗೆದ. ಹೊಸದನ್ನು ಒತ್ತಿ ಕೂರಿಸುವ ಪ್ರೆಸ್ ಮನೆಯಲ್ಲಿ ಎಲ್ಲಿಂದ ಬರಬೇಕು? ಉದ್ದನೆಯ ಬೋಲ್ಟು, ಪೈಪಿನ ತುಂಡು, ಎರಡು ನಟ್ಟು ಇಟ್ಟು ಹೊಸ ಬುಷ್ ಎಳೆಯತೊಡಗಿದ. ಅರ್ಧಕ್ಕೆ ಹೋಗಿ ನಿಂತಿತು. ರಬ್ಬರಿಗೆ ಸೋಪಿನ ನೀರು, ಕಬ್ಬಿಣಕ್ಕೆ ಎಣ್ಣೆ ಎಂದು ಕೆಲಸ ಕಲಿಸಿದ ಪುಟ್ಟರಂಗಯ್ಯ ಹೇಳಿದ್ದು ನೆನಪಿತ್ತು. ಆದರೆ ಒಳಗೆ ಒಬ್ಬಟ್ಟು ಆರುತ್ತಿತ್ತು. ತೆಂಗಿನ ಸೀಮೆಯವರಿಗೆ ಬಾಗಿಲ ಕೀಲಿಗೂ ಕೂಸಿನ ನೆತ್ತಿಗೂ ಮದ್ದು ಒಂದೇ. ಹೆಂಡತಿ ಭದ್ರಮ್ಮನಿಂದ ಕೊಬ್ಬರಿ ಎಣ್ಣೆ ತರಿಸಿ ಧಾರಾಳವಾಗಿ ಬಳಿದ. ಬುಷ್ ಸರಕ್ಕನೆ ಕೂತಿತು, ಸದ್ದು ನಿಂತಿತು. ಹೊಗಳಿಸಿಕೊಂಡು ಉಂಡ.

ಶ್ರಾವಣದ ಹೊತ್ತಿಗೆ ಸದ್ದು ಮರಳಿತು. ಗುಬ್ಬಿಯಲ್ಲಿ ನೆಂಟರ ಮನೆಯ ನಾಮಕರಣ, ಪಂಕ್ತಿಯಲ್ಲಿ ಎಲ್ಲರೂ ಕೂತಿದ್ದರು. ಇನ್ನೊಂದ್ಸಲ ನೋಡ್ತೀರಾ ಭಾವ ಎಂದು ಗಂಗಾಧರ್ ಮೆಲ್ಲಗೆ ಕೇಳಿದ. ಮಹಾಲಿಂಗಯ್ಯನ ಮೂಗಿನ ತುದಿಗೆ ಕೋಪ ಬಂತು.

"ಕ್ಲಚ್ ಬುಡೋಕೆ ಬರ್ದೇ ಇರೋರ್ಗೆ ಚಿನ್ನದ ಬುಷ್ ಹಾಕಿದ್ರೂ ಅಷ್ಟೇ ಕಣಪ್ಪಾ."

ಪಂಕ್ತಿಯೆಲ್ಲ ನಕ್ಕಿತು. ಗಂಗಾಧರ್ ಎಲೆಯ ಮುಂದಿನಿಂದ ಎದ್ದ. ಉಣ್ಣುವವನನ್ನು ಎಲೆಯಿಂದ ಎಬ್ಬಿಸುವುದು ಸಣ್ಣ ತಪ್ಪಲ್ಲ. ಸುಧಾ ಅಣ್ಣನ ಮುಖವನ್ನೊಮ್ಮೆ ನೋಡಿ ಗಂಡನ ಹಿಂದೆ ಹೋದಳು.

ಆ ವರ್ಷದ ಗೌರಿಹಬ್ಬಕ್ಕೆ ಅವಳು ತವರಿಗೆ ಬರಲಿಲ್ಲ. ಅಣ್ಣನೇ ಹೋಗಿ ಬಾಗಿನ ಕೊಟ್ಟು ಕರೆದಿದ್ದರೆ ಬರುತ್ತಿದ್ದಳೇನೋ. ಇವನು ಬಾಗಿನದ ಮೊರ ಕಟ್ಟಿ ಕುಣಿಗಲ್ ಬಸ್ಸಿನಲ್ಲಿ ಹೋಗುವವರ ಕೈಗೆ ಕೊಟ್ಟ. ಮರುವರ್ಷವೂ ಅಷ್ಟೇ, ಆಮೇಲೆ ಅದೇ ರೂಢಿಯಾಯಿತು.

2009ರ ಬೇಸಿಗೆ. ಭದ್ರಮ್ಮ ಕುಕ್ಕರಿನ ಗ್ಯಾಸ್ಕೆಟ್ ತಂದು, ಯಾಕೋ ಹಿಗ್ಗಿದೆ, ಕೂರುತ್ತಲೇ ಇಲ್ಲ, ನೋಡಿ ಎಂದಳು. ಮಹಾಲಿಂಗಯ್ಯ ಹಿಸುಕಿ ನೋಡಿದ. ರಬ್ಬರು ಊದಿಕೊಂಡು ಮೆತ್ತಗಾಗಿತ್ತು. ಬಿಗಿಯಾಗಿತ್ತೆಂದು ದಿನಾ ಕೊಬ್ಬರಿ ಎಣ್ಣೆ ಸವರುತ್ತಿದ್ದಳಂತೆ. ಅಂದು ಬುಷ್‌ಗೆ ತಾನು ಬಳಿದದ್ದೂ ಇದೇ ಎಣ್ಣೆ. ಐದು ವರ್ಷದ ಹಿಂದಿನ ಸದ್ದು ಈಗ ಅವನಿಗೆ ಸರಿಯಾಗಿ ಕೇಳಿಸಿತು. ಮನಸ್ಸಿಗೆ ತುಂಬಾ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಕುಣಿಗಲ್ಲಿಗೆ ಹೋದ. ಗಾಡಿ ಯಾವಾಗಲೋ ಮಾರಿಹೋಗಿತ್ತು. ಗಂಗಾಧರ್ ಏನೂ ಆಗಿಲ್ಲವೆಂಬಂತೆ ಕುರ್ಚಿ ಹಾಕಿ ಕೂರಿಸಿದ. ಕಾಫಿ ಮುಟ್ಟದೆ ಮಹಾಲಿಂಗಯ್ಯ ಎಲ್ಲವನ್ನೂ ಹೇಳಿದ. ತಪ್ಪು ನಂದೇ ಅಂದ. ಆ ಮಾತು ಅವನ ಬಾಯಿಂದ ಬಂದಿದ್ದು ಅದೇ ಮೊದಲು.

ಗಂಗಾಧರ್ ನಿಧಾನವಾಗಿ ಹೇಳಿದ: ಅದೇ ವರ್ಷದ ದೀಪಾವಳಿಗೇ ಇಲ್ಲಿನ ಮೆಕ್ಯಾನಿಕ್ ಬುಷ್ ಬಿಚ್ಚಿ ಮೂಸಿ, ಯಾರಪ್ಪ ಇದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದ್ದು ಎಂದು ನಕ್ಕಿದ್ದ. ಯಾರ ಹತ್ತಿರವೂ ಆಡಬೇಡ ಎಂದು ಗಂಗಾಧರನೇ ಅವನ ಬಾಯಿ ಕಟ್ಟಿಸಿದ್ದ.

"ನಂಗಾದ್ರೂ ಹೇಳ್ಬೋದಿತ್ತಲ್ಲಪ್ಪಾ," ಅಂದ ಮಹಾಲಿಂಗಯ್ಯ.

ಗಂಗಾಧರ್ ಬಾಗಿಲ ಕಡೆ ನೋಡಿದ. ಅಲ್ಲಿ ಸುಧಾ ನಿಂತಿದ್ದಳು. ಅವಳ ಮುಂದಲೆ ಬೆಳ್ಳಗಾಗಿದ್ದನ್ನು ಅಣ್ಣ ಈಗ ಕಂಡ.

"ನಾನೇ ಬ್ಯಾಡ ಅಂದೆ," ಅಂದಳು. "ನಮ್ಮಣ್ಣಂಗೆ ಗೊತ್ತಾಗೇ ಆಗ್ತದೆ, ಗೊತ್ತಾದ್ ದಿನ ಅವ್ನೇ ಬತ್ತಾನೆ ಅಂದೆ. ಪ್ರತಿ ಗೌರಿಹಬ್ಬಕ್ಕೂ ಬಸ್ ಸ್ಟ್ಯಾಂಡಿಗೆ ನಾನೇ ಹೋಗ್ತಿದ್ದೆ. ಬಾಗಿನ ಇಳೀತಿತ್ತು, ನೀನ್ ಇಳೀತಿರ್ಲಿಲ್ಲ."