ಮಣೆ ಹಾಕಬೇಡಿ, ವೈನಿ

ವೈನಿ, ಆ ದಿನ ಬಾಗಿಲು ನೀವು ತೆರೆದಿಟ್ಟು ಹೋಗಿರಲಿಲ್ಲ. ಕೀಲಿ ಹಾಕಿಯೇ ಹೋಗಿದ್ದಿರಿ. ತೆಗೆದವಳು ನಾನು. ನಿಮ್ಮ ಬೆಕ್ಕು ಮುನ್ನಿಯನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಮೂಸಿ ಹೊಳೆಯಾಚೆ ಬಿಟ್ಟು ಬಂದವಳೂ ನಾನೇ — ಅದೂ ಅದರ ಹುಟ್ಟುಹಬ್ಬದ ದಿನ.

ಇಷ್ಟು ವರ್ಷ ಬಾಯಿ ಬಿಡದವಳು ಈಗೇಕೆ ಬರೆಯುತ್ತಿದ್ದೇನೆ? ಹೋದ ವಾರ ನಾವಿಬ್ಬರೂ ಗುಡಿಗೆ ಹೊರಟಾಗ ನೀವು ಕೀಲಿಯನ್ನು ಜಗ್ಗಿ ಜಗ್ಗಿ ನೋಡಿದಿರಿ. ಅರ್ಧ ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಹೋಗಿ ನೋಡಿದಿರಿ. "ನನ್ನ ಕೈಮ್ಯಾಲೆ ನನಗ ನಂಬಿಕಿ ಇಲ್ಲ ನೋಡು ಶಾರದಾ," ಎಂದು ನಕ್ಕಿರಿ. ನಾನೂ ನಕ್ಕೆ. ಮನೆಗೆ ಬಂದಮೇಲೆ ಊಟ ಸೇರಲಿಲ್ಲ.

ಉಪ್ಪಲ್‌ನಲ್ಲಿ ನಮ್ಮವು ಎದುರುಬದುರು ಬಾಗಿಲು. ನೀವು ಕಲಬುರಗಿಯವರು, ನಾನು ಬೀದರಿನವಳು. ಸುತ್ತಲೂ ತೆಲುಗು ಮಾತು, ಹಾಗಾಗಿ ಒಬ್ಬರಿಗೊಬ್ಬರು ನಾವೇ ತವರು, ನೀವು ನನಗೆ ಅಣ್ಣನ ಹೆಂಡತಿಯಂಥ ವೈನಿ. ನಿಮಗೆ ಮಕ್ಕಳಿರಲಿಲ್ಲ. ನನ್ನ ಸುಮಾ ಬೆಳೆದದ್ದು ಹೆಚ್ಚಾಗಿ ನಿಮ್ಮ ಅಡಿಗೆಮನೆಯಲ್ಲೇ.

ನಾಗರ ಪಂಚಮಿಯ ಮರುದಿನ ಮುನ್ನಿ ನಿಮ್ಮ ಬಾಗಿಲಿಗೆ ಬಂದಿತ್ತೆಂದು ವರ್ಷಾವರ್ಷ ಅಂದೇ ಅದರ ಹುಟ್ಟುಹಬ್ಬ. ಮನೆಯ ಮಗುವಿಗೆ ಮಾಡುವಂತೆಯೇ ಮಣೆ ಹಾಕಿ, ಸುತ್ತ ರಂಗೋಲಿ ಎಳೆದು, ಹಣೆಗೆ ಕುಂಕುಮವಿಟ್ಟು ನಾವಿಬ್ಬರೂ ಆರತಿ ಎತ್ತುತ್ತಿದ್ದೆವು. "ನಿನ್ನೆ ನಾಗಪ್ಪನ ಪಾಳಿ, ಇವತ್ತ ನಮ್ಮ ಮುನ್ನೀದು," ಎಂದು ನೀವು ಬಟ್ಟಲು ತುಂಬ ಕೆನೆ ಇಡುತ್ತಿದ್ದಿರಿ. ಮೇಲಿನ ಮನೆಯ ಹುಡುಗಿಯರು "ಪಿಲ್ಲಿಕಿ ಬರ್ತ್‌ಡೇನಾ, ಆಂಟೀ?" ಎಂದು ನಗುತ್ತಲೇ ಪೇಡೆ ತಿಂದು ಹೋಗುತ್ತಿದ್ದರು. ಯಾರ ಕೈಗೂ ಸಿಗದ ಆ ಬೆಕ್ಕು, ಮಣೆ ನೆಲಕ್ಕಿಟ್ಟ ಸದ್ದಾದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಅದರ ಮೇಲೆ ಕೂತುಬಿಡುತ್ತಿತ್ತು.

ಆಗ ಎಲ್ಲ ತಾಯಂದಿರಿಗೂ ಸಾಫ್ಟ್‌ವೇರ್ ಅಳಿಯನೇ ಬೇಕು. ನನಗೂ ಬೇಕಿತ್ತು. ಸುಮಾಳನ್ನು ನೋಡಲು ಮೊದಲ ಸಲ ಬಂದ ಗಂಡಿನ ಕಡೆಯವರಿಗೆ ಮುನ್ನಿ ಮೆಟ್ಟಿಲ ಮೇಲೆ ಅಡ್ಡ ಹೋಯಿತು. ಹುಡುಗನ ಸೋದರತ್ತೆ ಅಲ್ಲೇ ನಿಂತರು. ಆಮೇಲೆ ಒಳಗೆ ಬಂದು ಚಹಾ ಕುಡಿದರೇನೋ ನಿಜ, ಆದರೆ ಅವರಿಂದ ಮತ್ತೆ ಸುದ್ದಿ ಬರಲಿಲ್ಲ. ನಾನು ಅತ್ತುಕೊಂಡು ನಿಮ್ಮ ಹತ್ತಿರ ಬಂದರೆ ನೀವು ನಕ್ಕುಬಿಟ್ಟಿರಿ. "ಬೆಕ್ಕಿಗೇನ ಗೊತ್ತ ಶಾರದಾ, ಅದು ತನ್ನ ಹಾದಿ ಹಿಡದು ಹೊಂಟಿತ್ತು." ನನಗೆ ಆ ನಗುವೇ ದ್ರೋಹವಾಗಿ ಕಂಡಿತು. ನನ್ನ ಮಗಳಿಗಿಂತ ನಿಮಗೆ ಬೆಕ್ಕು ಹೆಚ್ಚಾಯಿತೇ ಎಂದು ಒಳಗೊಳಗೇ ಕುದ್ದೆ.

ಎರಡನೆಯ ಸಂಬಂಧದವರು ಬರುತ್ತೇವೆಂದು ಹೇಳಿದ ಸಂಜೆ — ಪಂಚಮಿಯ ಮರುದಿನವೇ.

ಒಂದು ಮಾತು ಕೇಳಿದ್ದರೆ ನೀವು ಮುನ್ನಿಯನ್ನು ಒಳಗೆ ಹಾಕಿಕೊಂಡು ಕೂತಿರುತ್ತಿದ್ದಿರಿ. ಗೊತ್ತಿತ್ತು. ಕೇಳಲಿಲ್ಲ. ನೀವು ಬೆಳಿಗ್ಗೆ ಸುಮಾಳ ಜಡೆಗೆಂದೇ ಮಲ್ಲಿಗೆ ತರಲು ಮಾರ್ಕೆಟ್ಟಿಗೆ ಹೋದಿರಿ. ನಿಮ್ಮ ಮನೆಯ ಇನ್ನೊಂದು ಕೀಲಿ ಯಾವಾಗಲೂ ನಮ್ಮಲ್ಲೇ ಇರುತ್ತಿತ್ತಲ್ಲ — ಅದರಿಂದ ಬಾಗಿಲು ತೆಗೆದೆ. ಮಣೆ ಹಾಕಿದೆ. ಮುನ್ನಿ ಬಂದು ಕೂತಿತು. ಕುಂಕುಮವಿಟ್ಟೆ, ಆರತಿಯನ್ನೂ ಎತ್ತಿದೆ — ಇಲ್ಲದಿದ್ದರೆ ಅದು ಕದಲದೆ ಕೂರುತ್ತಿರಲಿಲ್ಲ. ಆಮೇಲೆ ಬುಟ್ಟಿ ಮುಚ್ಚಿದೆ.

ಹೊಳೆ ದಾಟಿಸಿದ ಬೆಕ್ಕು ತಿರುಗಿ ಬರುವುದಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ಆಟೋದಲ್ಲಿ ನಾಗೋಲ್ ಸೇತುವೆ ದಾಟಿ, ಹೊಸದಾಗಿ ಕಟ್ಟುತ್ತಿದ್ದ ಒಂದು ಕಟ್ಟಡದ ಪಕ್ಕದಲ್ಲಿ ಬುಟ್ಟಿ ತೆರೆದೆ. ಮುನ್ನಿ ಓಡಿಹೋಗಲಿಲ್ಲ. ಕುಂಕುಮದ ಹಣೆಯೆತ್ತಿ ನನ್ನ ಮುಖವನ್ನೇ ನೋಡುತ್ತ ಕೂತಿತು. ಆರತಿಯಾದ ಮೇಲೆ ಕೆನೆ ಸಿಗಬೇಕಲ್ಲ... ನಾನು ಒಯ್ದಿರಲಿಲ್ಲ.

ನೀವು ಹೂವಿನ ಪೊಟ್ಟಣ ಹಿಡಿದುಕೊಂಡೇ ಓಡಿ ಬಂದಿರಿ. "ಮುನ್ನಿ ಕಾಣವಲ್ಲದು ಶಾರದಾ!"

"ಬಾಗಲಾ ತೆರದ ಇಟ್ಟ ಹೋಗಿದ್ರಿ ವೈನಿ. ನಾನ ಆಮ್ಯಾಲೆ ನೋಡಿ ಕೀಲಿ ಹಾಕೀನಿ," ಅಂದೆ.

ಬೆಕ್ಕನ್ನು ಬಿಟ್ಟದ್ದಕ್ಕಿಂತ ದೊಡ್ಡ ಪಾಪ ಈ ಮಾತು. ನೀವು ನಿಮ್ಮ ಕೆನ್ನೆಗೆ ನೀವೇ ಹೊಡೆದುಕೊಂಡಿರಿ. ನಾನು ನಿಮ್ಮ ಜೊತೆ ಓಣಿ ಓಣಿ ತಿರುಗಿ "ಮುನ್ನೀ" ಎಂದು ಕೂಗಿದೆ — ಹೌದು, ಕೂಗಿದೆ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ಆ ದಿನ ನಾನೇ.

ಸಂಜೆ ನೀವು ಹುಡುಕುವುದನ್ನು ಬಿಟ್ಟು ಬಂದಿರಿ. "ಹುಡುಗಿ ಕೆಲಸ ಮೊದಲ ಆಗ್ಲಿ. ಅದು ಎಲ್ಲೋ ಹೋಗೈತಿ, ಬರತೈತಿ." ಊದಿದ ಕಣ್ಣಿಗೆ ನೀರು ಚಿಮುಕಿಸಿಕೊಂಡು ಸುಮಾಳಿಗೆ ಹೂ ಮುಡಿಸಿದಿರಿ, ಬಂದವರಿಗೆಲ್ಲ ಉಪ್ಪಿಟ್ಟು ಬಡಿಸಿದಿರಿ. ಸಂಬಂಧ ಕುದುರಿತು.

ಮರುದಿನ ನಾನು ಆ ಕಟ್ಟಡದ ಹತ್ತಿರ ಹೋಗಿದ್ದೆ. ಇದನ್ನೂ ನಿಮಗೆ ಹೇಳಿರಲಿಲ್ಲ. ಇಟ್ಟಿಗೆ ಹೊರುತ್ತಿದ್ದ ರಾಯಚೂರು ಕಡೆಯ ಹೆಂಗಸೊಬ್ಬಳು, "ಹಣಿಗೆ ಕುಂಕುಮ ಇದ್ದ ಬೆಕ್ಕ ಏನ್ರಿ? ನಿನ್ನೆ ಕತ್ತಲಾಗೂತನ ಇಲ್ಲೇ ಕುಂತಿತ್ರಿ. ಆಮ್ಯಾಲೆ ಎತ್ತ ಹೋತೋ," ಅಂದಳು. ಬಿಟ್ಟ ಜಾಗದಲ್ಲೇ ಕೂತಿತ್ತಂತೆ, ವೈನಿ.

ಮುಂದಿನ ವರ್ಷ ಪಂಚಮಿಯ ಮರುದಿನ ನಿಮ್ಮ ಮನೆಯಲ್ಲಿ ಮಣೆ ಬೀಳಲಿಲ್ಲ. ನೀವು ಮತ್ತೆ ಬೆಕ್ಕು ಸಾಕಲಿಲ್ಲ. "ಬಾಗಲಾ ಹಾಕಾಕ ಬರದ ಹೆಂಗಸಿಗೆ ಜೀವ ಸಾಕೂ ಚಟ ಯಾಕ," ಎಂದಿರಿ. ಆಗಲಾದರೂ ಹೇಳಬಹುದಿತ್ತು. ನಿಮ್ಮ ಸ್ನೇಹ ಹೋದೀತೆಂದು ಹೆದರಿದೆ — ನನ್ನದಲ್ಲದ ಸ್ನೇಹವನ್ನು ಇಷ್ಟು ವರ್ಷ ಉಂಡೆ.

ಕ್ಷಮಿಸಿ ಎನ್ನುವುದಿಲ್ಲ. ಸುಮಾ ಸುಖವಾಗಿದ್ದಾಳೆಂಬುದನ್ನೂ ಇದಕ್ಕೆ ಅಡ್ಡ ಹಿಡಿಯುವುದಿಲ್ಲ. ಈ ಕಾಗದ ಕಳಿಸಿ ತಪ್ಪಿಸಿಕೊಳ್ಳುವುದೂ ಇಲ್ಲ; ನಾಳೆ ನಾನೇ ತಂದು ನಿಮ್ಮೆದುರು ಓದುತ್ತೇನೆ. ನಿಮ್ಮ ಕೀಲಿಯನ್ನೂ ತರುತ್ತೇನೆ. ಎಂದಿನಂತೆ "ಬಾ, ಕೂಡು ಬಾ" ಎಂದು ಮಣೆ ಹಾಕಬೇಡಿ, ವೈನಿ. ನಿಂತೇ ಓದುತ್ತೇನೆ.